ಹಳೇ ಬೈಕಿನ ಹಿಂಬದಿ ಶಾಕ್: ಬದಲಿಸುವ ಮುನ್ನ ಟೇಪು ಹಿಡಿಯಿರಿ

ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿದ್ದ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಮೆರಿಕಕ್ಕೆ ತರಿಸಿಕೊಳ್ಳುವ ವಾಹನಕ್ಕೆ 25 ವರ್ಷ ತುಂಬಿದ್ದರೆ ಅಲ್ಲಿನ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಸಿಗುತ್ತದೆ. ಹೊಗೆಯ ನಿಯಮಕ್ಕೆ 21 ವರ್ಷ ಸಾಕು, ಎಂಜಿನ್ ಮೂಲದ್ದೇ ಆಗಿರಬೇಕು. ಲೆಕ್ಕ ಹಾಕಿ ನೋಡಿ: 2021 ಮುಗಿಯುವ ಹೊತ್ತಿಗೆ ಮೈಸೂರಿನಲ್ಲಿ ತಯಾರಾದ ಕಟ್ಟಕಡೆಯ ಯೆಜ್ಡಿಯೂ ಈ ಗಡಿ ದಾಟಿತು. ಅಪ್ಪನ ಬೈಕನ್ನು ಹಡಗು ಹತ್ತಿಸಬೇಕೆನ್ನುವ ಆಸೆಗೆ ಈಗ ಕಾನೂನು ಅಡ್ಡಿಯಲ್ಲ, ಬಿಡಿಭಾಗ ಅಡ್ಡಿ.

ಸಿಯಾಟಲ್‌ನ ಉತ್ತರಕ್ಕೆ, ಲೇಕ್ ವಾಷಿಂಗ್ಟನ್ ಮುಗಿಯುವ ಕಡೆ ಇರುವ ಕೆನ್ಮೋರ್‌ನಲ್ಲಿ ಈ ಅಡ್ಡಿ ಚೆನ್ನಾಗಿ ಗೊತ್ತಾಗುತ್ತದೆ. ಅಕ್ಟೋಬರ್‌ನಲ್ಲಿ ಹಿಡಿದ ಜಿಟಿಜಿಟಿ ಮಳೆ ವಸಂತದವರೆಗೂ ಬಿಡುವುದಿಲ್ಲ. ಹಳೇ ಬೈಕ್ ಸಾಕಿಕೊಂಡವರಿಗೆ ಅದು ಓಡಿಸುವ ಕಾಲವಲ್ಲ, ಗ್ಯಾರೇಜಿನಲ್ಲಿ ಬಿಚ್ಚುವ ಕಾಲ. ಸುತ್ತಮುತ್ತಲ ಊರುಗಳಲ್ಲಿ 1970ರ ದಶಕದ ಹೊಂಡಾ, ಯಮಹಾಗಳು ಶೆಡ್ಡುಗಳಲ್ಲಿ ಇನ್ನೂ ಬೇಕಾದಷ್ಟು ಕೂತಿವೆ. ಒಂದು ಬೈಕ್ ಓಡಿಸಲು ಇನ್ನೊಂದನ್ನು ಬಿಡಿಭಾಗಕ್ಕೆಂದು ಕೊಳ್ಳುವುದು ಇಲ್ಲಿ ಮಾಮೂಲು. ಬೆಂಗಳೂರಿನಲ್ಲಿ ಇದೇ ಕೆಲಸಕ್ಕೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಇವೆ. ಎರಡೂ ಕಡೆ ಮೊದಲು ಕೈ ಹೋಗುವುದು ಹಿಂಬದಿಯ ಶಾಕ್ ಅಬ್ಸಾರ್ಬರ್‌ಗೆ. ಮೇಲೊಂದು ಬೋಲ್ಟು, ಕೆಳಗೊಂದು ಬೋಲ್ಟು, ಅರ್ಧ ಗಂಟೆಯ ಕೆಲಸ. ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ ಬೇರೆ.

ಅಪಾಯ ಇರುವುದೂ ಅಲ್ಲೇ. ಬೇರೆಯವರ ಕನ್ನಡಕ ಕಿವಿಗೆ ಕೂತ ಮಾತ್ರಕ್ಕೆ ಕಣ್ಣಿಗೆ ಹೊಂದುವುದಿಲ್ಲವಲ್ಲ, ಹಾಗೆ ಬೋಲ್ಟು ಹೊಕ್ಕ ಶಾಕ್ ಎಲ್ಲವೂ ಆ ಬೈಕಿನ ಶಾಕ್ ಅಲ್ಲ. ಕೆನ್ಮೋರ್‌ನಿಂದ ಮೈಸೂರಿನ ಹಳೇ ಮೆಕ್ಯಾನಿಕ್ಕಿಗೆ ಫೋನು ಮಾಡಿ “ಭಾಯ್, ಬುಲೆಟ್ ಶಾಕು ಯೆಜ್ಡಿಗೆ ಕೂರುತ್ತಾ?” ಅಂತ ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ: “ಕೂರೋದು ಕೂರುತ್ತೆ ಸಾರ್. ಮೊದಲು ಸೆಂಟರ್ ಟು ಸೆಂಟರ್ ಎಷ್ಟಿದೆ ಹೇಳಿ. ಕೂರಿಸಬೇಕೋ ಬೇಡವೋ ಆಮೇಲೆ ಮಾತಾಡೋಣ.” ಈ ಲೇಖನ ಆ ‘ಆಮೇಲಿನ’ ಮಾತು.

ಯಾವುದು ಅದಲುಬದಲಿಗೆ ಒಗ್ಗುತ್ತದೆ

ಹಿಂಬದಿಯ ಸಸ್ಪೆನ್ಷನ್ ಅಂದರೆ ಎಲ್ಲ ಹಳೇ ಬೈಕಿಗೂ ಒಂದೇ ಅಲ್ಲ. 1940ರ ದಶಕದ ಕೊನೆಯ ಜಾವಾ ಪೆರಾಕ್‌ನಲ್ಲಿದ್ದದ್ದು ಪ್ಲಂಜರ್. ಅದರಲ್ಲಿ ಆಕ್ಸಲ್‌ನ ಎರಡೂ ತುದಿ ನೆಟ್ಟಗೆ ನಿಲ್ಲಿಸಿದ ಸ್ಪ್ರಿಂಗ್ ಕೊಳವೆಗಳಲ್ಲಿ ಮೇಲೆ ಕೆಳಗೆ ಆಡುತ್ತದೆ, ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳು, ಅಂದರೆ ಸ್ವಿಂಗ್ ಆರ್ಮ್, ಇರುವುದೇ ಇಲ್ಲ. ಅಂಥ ಬೈಕಿಗೆ ಶಾಕ್ ಬದಲಿಸುವ ಮಾತೇ ಹುಟ್ಟುವುದಿಲ್ಲ. ಇರುವುದನ್ನೇ ರಿಪೇರಿ ಮಾಡಿಕೊಳ್ಳಬೇಕು. 1949ರ ರಾಯಲ್ ಎನ್‌ಫೀಲ್ಡ್ ಬುಲೆಟ್, 1954ರ ಜಾವಾ 353 ಇವುಗಳೆಲ್ಲ ಸ್ವಿಂಗ್ ಆರ್ಮ್ ಮತ್ತು ಎರಡು ಶಾಕ್‌ಗಳ ಪದ್ಧತಿಯವು. 1955ರಿಂದ ಮದ್ರಾಸಿನಲ್ಲಿ, 1961ರಿಂದ ಮೈಸೂರಿನಲ್ಲಿ ತಯಾರಾದವು ಇವುಗಳ ಸಂತತಿ. ಜಪಾನಿನ ಬೈಕುಗಳೂ 1980ರ ದಶಕದಲ್ಲಿ ಒಂಟಿ ಶಾಕ್ ಬರುವವರೆಗೆ ಬಹುಪಾಲು ಇದೇ ದಾರಿ ಹಿಡಿದವು. ನಾವು ಮಾತಾಡುತ್ತಿರುವುದು ಈ ಎರಡು ಶಾಕ್‌ನ ಬೈಕುಗಳ ಬಗ್ಗೆ.

ಶಾಕ್ ಬದಲಿಸುವುದು ಸುಲಭ, ಸ್ಪ್ರಿಂಗ್ ಬದಲಿಸುವುದು ಅದಕ್ಕಿಂತ ಸೂಕ್ಷ್ಮ, ಸ್ವಿಂಗ್ ಆರ್ಮ್ ಬದಲಿಸುವುದು ಬೇರೆಯೇ ದರ್ಜೆಯ ಕೆಲಸ. ಫ್ರೇಮಿನಲ್ಲಿ ಶಾಕ್ ಕೂರುವ ಜಾಗವನ್ನೇ ಕತ್ತರಿಸಿ ಮುಂದಕ್ಕೋ ಮೇಲಕ್ಕೋ ಸರಿಸುವುದು ನನ್ನ ಪ್ರಕಾರ ಮಾಡಲೇಬಾರದ್ದು. ಯಾಕೆಂಬುದನ್ನು ಕೊನೆಗೆ ಹೇಳುತ್ತೇನೆ.

ಅಂಗಡಿಗೆ ಹೋಗುವ ಮೊದಲು

ಜಪಾನಿ ಬೈಕ್ ಇರುವವರಿಗೆ ಒಂದು ಅನುಕೂಲವಿದೆ. ಭಾಗದ ಸಂಖ್ಯೆ ಓದಲು ಬಂದರೆ ಅರ್ಧ ಕೆಲಸ ಕೂತಲ್ಲೇ ಮುಗಿಯುತ್ತದೆ. ಹೊಂಡಾದ ಹಳೇ ಸಂಖ್ಯೆಗಳಲ್ಲಿ ಮೊದಲ ಐದು ಅಂಕಿ ಅದು ಎಂಥ ಭಾಗ ಎಂದು ಹೇಳುತ್ತವೆ; 52400 ಅಂದರೆ ಹಿಂಬದಿಯ ಇಡೀ ಶಾಕ್. ನಡುವಿನ ಮೂರು ಅಂಕಿ ಆ ಭಾಗವನ್ನು ಮೊದಲು ಯಾವ ಮಾದರಿಗೆಂದು ಮಾಡಿದರು ಎಂಬುದರ ಗುರುತು. 286 ಅಂದರೆ ಸಿಬಿ350, 300 ಅಂದರೆ ಸಿಬಿ750. ಕೊನೆಯವು ತಿದ್ದುಪಡಿಯ ಲೆಕ್ಕ. ಬೇರೆ ಮಾದರಿಯ ಪಾರ್ಟ್ಸ್ ಪುಸ್ತಕ ತೆರೆದಾಗ ಅಲ್ಲಿ ನಿಮ್ಮ ಬೈಕಿನ ಮೂರಂಕಿಯೇ ಕಂಡರೆ, ಕಂಪನಿಯೇ ಎರಡಕ್ಕೂ ಒಂದೇ ಭಾಗ ಹಾಕಿದೆ ಎಂದರ್ಥ. ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಯಮಹಾದಲ್ಲಿ ಕ್ರಮ ತಿರುವುಮುರುವು: ಮಾದರಿಯ ಗುರುತು ಮೊದಲು, ಭಾಗದ ಗುರುತು ಆಮೇಲೆ. 360 ಅಂತ ಶುರುವಾದರೆ ಅದು 1973ರ ಆರ್‌ಡಿ350ರ ಮನೆತನದ್ದು.

ಜಾವಾ, ಯೆಜ್ಡಿ, ಹಳೇ ಬುಲೆಟ್‌ಗಳಿಗೆ ಈ ಸವಲತ್ತು ಅಷ್ಟಾಗಿ ಇಲ್ಲ. ಮೂವತ್ತು ನಲವತ್ತು ವರ್ಷಗಳಲ್ಲಿ ಯಾವ ಊರಿನ ಯಾವ ಗ್ಯಾರೇಜಿನಲ್ಲಿ ಯಾವ ಶಾಕ್ ಬಂದು ಸೇರಿತೋ ಹೇಳಲಾಗದು. ಈಗ ಬೈಕಿನ ಮೇಲಿರುವುದನ್ನೇ ಮೂಲ ಅಳತೆ ಅಂದುಕೊಳ್ಳಬೇಡಿ. ಅದೇ ಮಾದರಿಯ ಇನ್ನೊಂದೆರಡು ಬೈಕಿನಲ್ಲಿ ಅಳೆದು ನೋಡಿ. ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನದಂದು ಬೆಂಗಳೂರು, ಮೈಸೂರುಗಳಲ್ಲಿ ನೂರಾರು ಜಾವಾ, ಯೆಜ್ಡಿಗಳು ಒಂದೆಡೆ ಸೇರುತ್ತವೆ. ಫೋಟೊ ತೆಗೆಯುವವರ ನಡುವೆ ಟೇಪು ಹಿಡಿದು ಬಗ್ಗಿದರೆ ಯಾರೂ ಬೇಡ ಅನ್ನುವುದಿಲ್ಲ. ಸಿಯಾಟಲ್ ಕಡೆಯವರಿಗೆ ವಿಂಟೇಜ್ ಮೋಟರ್‌ಸೈಕಲ್ ಎಂಥೂಸಿಯಾಸ್ಟ್ಸ್ ಎಂಬ ಕ್ಲಬ್ಬಿದೆ. ವಾಶನ್ ದ್ವೀಪದಲ್ಲಿ ಅದು ನಡೆಸುವ ಕೂಟದಲ್ಲಿ ಬ್ರಿಟಿಷ್, ಜರ್ಮನ್, ಜಪಾನಿ ಹಳಬರೆಲ್ಲ ಒಟ್ಟಿಗೆ ನೋಡಲು ಸಿಗುತ್ತಾರೆ.

ಅಳತೆಯ ಪಟ್ಟು

ಮೊದಲ ಅಳತೆ ಉದ್ದ: ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ. ಶಾಕನ್ನು ಬಿಚ್ಚಿ, ಪೂರ್ತಿ ಚಾಚಿದ ಸ್ಥಿತಿಯಲ್ಲಿ ಅಳೆಯಬೇಕು. ಬೈಕಿನ ಮೇಲಿರುವಾಗ ಅಳೆದರೆ ಭಾರಕ್ಕೆ ಕುಗ್ಗಿದ ಅಳತೆ ಸಿಗುತ್ತದೆ. ಇಂಥ ಬೈಕುಗಳಲ್ಲಿ ಸಾಮಾನ್ಯವಾಗಿ 300ರಿಂದ 340 ಮಿ.ಮೀ. ಒಳಗೆ ಬರುತ್ತದೆ. “ಹತ್ತಿಪ್ಪತ್ತು ಮಿಲಿಮೀಟರ್ ಆಚೀಚೆ ಆದರೆ ಏನು ಮಹಾ” ಎನ್ನುವವರಿಗಾಗಿ ಒಂದು ಲೆಕ್ಕ ಕೊಡುತ್ತೇನೆ. ಹೊಂಡಾ ಸಿಬಿ350ರ ಎರಡು ಆಕ್ಸಲ್‌ಗಳ ನಡುವಿನ ದೂರ ಸುಮಾರು 1320 ಮಿ.ಮೀ. ಹಿಂಬದಿ 20 ಮಿ.ಮೀ. ಎತ್ತರವಾದರೆ ಇಡೀ ಬೈಕು ಮುಂದಕ್ಕೆ ಒಂದು ಡಿಗ್ರಿಯ ಹತ್ತಿರದಷ್ಟು ಬಾಗುತ್ತದೆ. ಮುಂದಿನ ಫೋರ್ಕು ಅಷ್ಟು ನೆಟ್ಟಗಾಗಿ, ಟ್ರೈಲ್ ಐದಾರು ಮಿಲಿಮೀಟರ್ ಇಳಿಯುತ್ತದೆ. ಟ್ರೈಲ್ ಅಂದರೆ ಹ್ಯಾಂಡಲ್ ತಿರುಗುವ ಅಕ್ಷರೇಖೆ ನೆಲ ಮುಟ್ಟುವ ಜಾಗಕ್ಕೂ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ. ಬೈಕು ತಾನಾಗಿ ನೇರ ಹೋಗುವಂತೆ ನೋಡಿಕೊಳ್ಳುವುದು ಇದೇ. ಇದು ಇಳಿದರೆ ಪೇಟೆಯ ತಿರುವಿನಲ್ಲಿ ಬೈಕು ಚುರುಕಾಗಿ ಬಾಗುತ್ತದೆ, ಹೆದ್ದಾರಿಯಲ್ಲಿ ಹ್ಯಾಂಡಲ್ ಅದುರುತ್ತದೆ. ಶಾಕ್ ಗಿಡ್ಡವಾದರೆ ತಿರುವುಮುರುವು: ಬೈಕು ಮಂದವಾಗುತ್ತದೆ, ಸೈಲೆನ್ಸರ್ ನೆಲ ಕೆರೆಯುತ್ತದೆ, ಗುಂಡಿಗೆ ಬಿದ್ದಾಗ ಟೈರು ಮಡ್‌ಗಾರ್ಡಿಗೆ ತಾಗುತ್ತದೆ. ಮೂಲ ಅಳತೆಗಿಂತ 10 ಮಿ.ಮೀ. ಒಳಗಿನ ವ್ಯತ್ಯಾಸವನ್ನು ನಾನು ಒಪ್ಪುತ್ತೇನೆ. ಅದಕ್ಕಿಂತ ಹೆಚ್ಚಾದರೆ ಬೇರೆ ಶಾಕ್ ಹುಡುಕುವುದೇ ಮೇಲು.

ಇನ್ನೂ ಎರಡು ಪರಿಣಾಮಗಳಿವೆ, ಜನ ಮರೆಯುವಂಥವು. ಉದ್ದನೆಯ ಶಾಕ್ ಹಾಕಿ ಸೆಂಟರ್ ಸ್ಟ್ಯಾಂಡ್ ಹಾಕಿದರೆ ಹಿಂದಿನ ಚಕ್ರ ನೆಲದಿಂದ ಏಳುವುದೇ ಇಲ್ಲ. ಪಂಚರ್ ಆದ ದಿನ ಗೊತ್ತಾಗುತ್ತದೆ. ಇನ್ನೊಂದು ಚೈನಿನದು. ಸ್ವಿಂಗ್ ಆರ್ಮ್ ಆಡುವಾಗ ಚೈನ್ ಒಂದೇ ಬಿಗಿಯಲ್ಲಿರುವುದಿಲ್ಲ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಯಲ್ಲಿ ಬಂದಾಗ ಅದು ಅತಿ ಬಿಗಿಯಾಗುತ್ತದೆ. ಶಾಕಿನ ಉದ್ದ ಬದಲಾದ ಮೇಲೆ ಹಳೇ ಅಂದಾಜಿನಲ್ಲಿ ಚೈನ್ ಬಿಗಿದರೆ ಆ ಗಳಿಗೆಯಲ್ಲಿ ಅದು ಗೇರ್‌ಬಾಕ್ಸಿನ ಬೇರಿಂಗನ್ನು ಎಳೆಯುತ್ತದೆ. ಇದನ್ನು ಮೊದಲೇ ಪರೀಕ್ಷಿಸಿ. ಎರಡೂ ಶಾಕ್ ಕಳಚಿ, ಚಕ್ರವನ್ನು ಕೈಯಲ್ಲಿ ಎತ್ತಿ ಆ ಮೂರು ಬಿಂದು ಸಾಲಾಗಿಸಿ, ಅಲ್ಲಿ ಚೈನ್ ಸ್ವಲ್ಪವಾದರೂ ಸಡಿಲ ಉಳಿದಿದೆಯೇ ನೋಡಿ.

ಎರಡನೆಯದು ಬುಷ್. ತೂತಿನ ವ್ಯಾಸ, ಬುಷ್‌ನ ಅಗಲ, ತುದಿಯ ಆಕಾರ. ಕೆಲವು ಶಾಕ್‌ಗಳಿಗೆ ಎರಡೂ ತುದಿಯಲ್ಲಿ ಬಳೆ ಇರುತ್ತದೆ. ಕೆಲವು ಹಳೇ ಹೊಂಡಾಗಳಲ್ಲಿ ಕೆಳತುದಿ ಕವಲಾಗಿ ಸೀಳಿರುತ್ತದೆ. ಬಳೆಯ ಜಾಗಕ್ಕೆ ಕವಲು ಕೂರುವುದಿಲ್ಲ, ಅದು ಕಣ್ಣಿಗೇ ಕಾಣುವ ವಿಷಯ. ಕಾಣದ್ದು ಇಂಚು ಮಿಲಿಮೀಟರುಗಳ ಕಳ್ಳಾಟ. ಬ್ರಿಟಿಷ್ ಬೈಕಿನ ಎಂಟರಲ್ಲಿ ಮೂರು ಇಂಚಿನ ಬೋಲ್ಟು 9.5 ಮಿ.ಮೀ. ದಪ್ಪ. ಅದನ್ನು ಜಪಾನಿ ಶಾಕಿನ 10 ಮಿ.ಮೀ. ತೂತಿಗೆ ಹಾಕಿದರೆ ಆರಾಮಾಗಿ ಹೋಗುತ್ತದೆ, ಜೊತೆಗೆ ಅರ್ಧ ಮಿಲಿಮೀಟರ್ ಪ್ಲೇ ಉಳಿಯುತ್ತದೆ. ಮೊದಲ ದಿನ ಏನೂ ಅನ್ನಿಸದು. ಹೊಡೆತಕ್ಕೆ ಹೊಡೆತ ಸೇರಿ ತೂತು ಮೊಟ್ಟೆಯಾಕಾರವಾದ ಮೇಲೆ ಟಕಟಕ ಶುರು. ಇದಕ್ಕೆ ತಂತಿ ಸುತ್ತುವುದು, ಡಬ್ಬದ ತಗಡು ತುರುಕುವುದು ಪರಿಹಾರವಲ್ಲ. ಲೇತ್‌ನಲ್ಲಿ ಸರಿಯಾದ ಸ್ಟೀಲ್ ತೋಳು ಕಡೆಸಿ. ಮೈಸೂರು, ಬೆಂಗಳೂರಿನಲ್ಲಿ ಯಾವುದೇ ಟರ್ನರ್ ಅದನ್ನು ಒಂದು ಚಹಾ ಕುಡಿಯುವುದರೊಳಗೆ ಮಾಡಿಕೊಟ್ಟಾನು. ಕೆನ್ಮೋರ್‌ನಲ್ಲಿ ಅಂಥ ಸಣ್ಣ ಕೆಲಸಕ್ಕೆ ಮೆಷಿನ್ ಶಾಪು ಕೇಳುವ ದುಡ್ಡಿಗೆ ಹೊಸ ಬುಷ್ ಸೆಟ್ಟೇ ಬರುತ್ತದೆ. ಹಾಗಾಗಿ ಬುಷ್ ಹುಡುಕಿ.

ಮೂರನೆಯದು ಸುತ್ತಲಿನ ಜಾಗ. ಹಳೇ ಜಾವಾದ ಶಾಕ್‌ಗಳಿಗೆ ಸ್ಪ್ರಿಂಗ್ ಮುಚ್ಚುವ ಲೋಹದ ಕವಚವಿದೆ. ಜೊತೆಗೆ ಜಾವಾ, ಯೆಜ್ಡಿಗಳ ಚೈನ್ ಪೂರ್ತಿ ಪೆಟ್ಟಿಗೆಯೊಳಗೆ ಓಡುತ್ತದೆ. ದಪ್ಪ ಸ್ಪ್ರಿಂಗಿನ ಬೇರೆ ಶಾಕ್ ಹಾಕಿದಾಗ ಅದು ಚೈನ್ ಕವರಿಗೋ ಸೈಲೆನ್ಸರಿಗೋ ಉಜ್ಜದಂತೆ ನೋಡಬೇಕು. ಸ್ಪ್ರಿಂಗ್ ತೆಗೆದ ಬರೀ ಶಾಕನ್ನು ಬೈಕಿಗೆ ಕಟ್ಟಿ, ಚಕ್ರವನ್ನು ತಳದಿಂದ ತುದಿಯವರೆಗೆ ಕೈಯಲ್ಲಿ ಆಡಿಸಿ ನೋಡುವುದು ಇದಕ್ಕೆ ಒಳ್ಳೇ ಉಪಾಯ. ಟೈರು ಎಲ್ಲಿ ತಾಗುತ್ತದೆ, ಶಾಕ್ ಎಲ್ಲಿ ಉಜ್ಜುತ್ತದೆ ಎಲ್ಲ ಆಗಲೇ ತಿಳಿಯುತ್ತದೆ. ಹಳೇ ಜಾವಾದ ಚಕ್ರ 16 ಇಂಚು, ಯೆಜ್ಡಿ ರೋಡ್‌ಕಿಂಗಿನದು 18. ಶಾಕ್ ಜೊತೆ ಚಕ್ರವನ್ನೂ ಬದಲಿಸಿದ್ದರೆ ಈ ಪರೀಕ್ಷೆ ತಪ್ಪಿಸಲೇಬೇಡಿ.

ಸ್ಪ್ರಿಂಗಿನ ಒಳಗುಟ್ಟು

ಉದ್ದ ಸರಿ, ಬುಷ್ ಸರಿ, ಆದರೂ ಬೈಕು ಕುದುರೆಯಾಗಿದೆ ಅಂದರೆ ದೋಷ ಸ್ಪ್ರಿಂಗಿನದು. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಕುತೂಹಲದ ಭಾಗ ಇದೇ. ಗ್ಯಾರೇಜುಗಳಲ್ಲಿ ಅತಿ ಹೆಚ್ಚು ತಪ್ಪು ನಂಬಿಕೆ ಇರುವುದೂ ಇದರ ಬಗ್ಗೆಯೇ.

ಸ್ಪ್ರಿಂಗಿನ ಬಿಗಿಯನ್ನು ಒಂದು ಮಿ.ಮೀ. ಒತ್ತಲು ಎಷ್ಟು ನ್ಯೂಟನ್ ಬಲ ಬೇಕು ಎಂದು ಹೇಳುತ್ತಾರೆ. ಅಮೆರಿಕದ ಅಂಗಡಿಗಳು ಇಂಚಿಗೆ ಇಷ್ಟು ಪೌಂಡು ಅನ್ನುತ್ತವೆ. ಆ ಲೆಕ್ಕದ ಒಂದು ಪೌಂಡು ಅಂದರೆ ಮಿ.ಮೀ.ಗೆ 0.175 ನ್ಯೂಟನ್. ಈ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ 7 ಮಿ.ಮೀ. ತಂತಿಯ ಸ್ಪ್ರಿಂಗಿನ ಬದಲು ನೋಡಲು ಹಾಗೇ ಇರುವ 6.5 ಮಿ.ಮೀ. ತಂತಿಯದನ್ನು ಹಾಕಿದರೆ ಬಿಗಿ ಸುಮಾರು ಕಾಲು ಭಾಗ ಇಳಿದುಹೋಗುತ್ತದೆ. ಅರ್ಧ ಮಿಲಿಮೀಟರ್ ಕಣ್ಣಿಗೆ ಕಾಣದು, ವರ್ನಿಯರ್‌ಗೆ ಕಾಣುತ್ತದೆ. ಕ್ರೋಮ್ ಉದುರಿದ ಜಾಗ ಆರಿಸಿಕೊಂಡು ಅಳೆಯಿರಿ.

ಸ್ಪ್ರಿಂಗ್ ಕತ್ತರಿಸಿದರೆ ಮೆತ್ತಗಾಗುತ್ತದೆ ಎಂಬುದು ಇನ್ನೊಂದು ನಂಬಿಕೆ. ನಡೆಯುವುದು ಅದರ ವಿರುದ್ಧ. ಬಿಗಿ ಸುತ್ತುಗಳ ಸಂಖ್ಯೆಗೆ ವಿಲೋಮ. 12 ಸುತ್ತಿನದರಲ್ಲಿ 2 ಕತ್ತರಿಸಿದರೆ ಅದು ಶೇಕಡಾ 20ರಷ್ಟು ಬಿಗಿಯಾಗುತ್ತದೆ, ಗಿಡ್ಡವೂ ಆಗುತ್ತದೆ. ಬೈಕು ತಗ್ಗಿ, ಒರಟಾಗಿ, ಗುಂಡಿಗೊಮ್ಮೆ ಬೆನ್ನುಮೂಳೆ ಎಣಿಸುವಂತೆ ಮಾಡುತ್ತದೆ. ಹಾಗೆಯೇ ಶಾಕಿನ ಬುಡದಲ್ಲಿರುವ ಮೆಟ್ಟಿಲು ಮೆಟ್ಟಿಲಿನ ಉಂಗುರ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ ಎಂದು ತಿಳಿದವರು ಬಹಳ. ಅದು ಬಿಗಿಯನ್ನು ಬದಲಿಸುವುದಿಲ್ಲ. ಮೊದಲೇ ಒಂದಿಷ್ಟು ಒತ್ತಿಟ್ಟು ಬೈಕಿನ ಹಿಂಬದಿಯನ್ನು ಎತ್ತರಿಸುತ್ತದೆ, ಅಷ್ಟೆ.

ಇನ್ನು ಸನ್ನೆಯ ಲೆಕ್ಕ. ಒಂದು ಬೈಕಿನಲ್ಲಿ ಸರಿಯಾಗಿದ್ದ ಶಾಕ್ ಇನ್ನೊಂದರಲ್ಲಿ ಕೆಡುವುದು ಬಹುಪಾಲು ಇದರಿಂದ. ಶಾಕಿನ ಕೆಳತುದಿ ನೇರ ಆಕ್ಸಲ್‌ನ ಮೇಲೆಯೇ ಇರುವ ಬೈಕಿನಲ್ಲಿ ಚಕ್ರಕ್ಕೆ ಸ್ಪ್ರಿಂಗಿನ ಪೂರ್ತಿ ಬಿಗಿ ಸಿಗುತ್ತದೆ. ಕೆಳತುದಿ ಆಕ್ಸಲ್‌ಗಿಂತ ಮುಂದಿದ್ದರೆ ಕಡಿಮೆ ಸಿಗುತ್ತದೆ, ಅದೂ ವರ್ಗದ ಲೆಕ್ಕದಲ್ಲಿ. ಪಿವಟ್‌ನಿಂದ ಆಕ್ಸಲ್‌ಗೆ 450 ಮಿ.ಮೀ., ಪಿವಟ್‌ನಿಂದ ಶಾಕಿನ ಬೋಲ್ಟಿಗೆ 400 ಮಿ.ಮೀ. ಅಂತಿಟ್ಟುಕೊಳ್ಳಿ. 400ನ್ನು 450ರಿಂದ ಭಾಗಿಸಿ ವರ್ಗ ಮಾಡಿದರೆ 0.79. ತಲಾ 18 ನ್ಯೂಟನ್ನಿನ ಎರಡು ಸ್ಪ್ರಿಂಗ್ ಸೇರಿ 36 ಆಗಬೇಕಾದ್ದು ಚಕ್ರದ ಹತ್ತಿರ 28 ಚಿಲ್ಲರೆ ಆಗುತ್ತದೆ. ಐದನೇ ಒಂದು ಭಾಗ ಮಾಯ. ಶಾಕ್ ಮುಂದಕ್ಕೆ ವಾಲಿದ್ದರೆ ಇನ್ನೂ ಕಡಿಮೆ. ಹಾಗಾಗಿ ಶಾಕ್ ಕೊಡುತ್ತಿರುವ ಬೈಕಿನಲ್ಲೂ ಈ ಎರಡು ದೂರ ಅಳೆದುಕೊಂಡು ಬನ್ನಿ. ಬೈಕ್ ಇಲ್ಲದೆ ಬರೀ ಶಾಕ್ ಮಾರುವವನ ಹತ್ತಿರ ಈ ಮಾಹಿತಿ ಇರುವುದಿಲ್ಲ. ಅದಕ್ಕೇ ನಾನು ಅಂಥ ಕಡೆ ಕೊಳ್ಳುವುದಕ್ಕೆ ಹಿಂಜರಿಯುತ್ತೇನೆ.

ಬುಲೆಟ್ ಶಾಕನ್ನು ಯೆಜ್ಡಿಗೆ ಹಾಕುವ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಬುಲೆಟ್ ಭಾರದ ಬೈಕು, ಅದರ ಸ್ಪ್ರಿಂಗ್ ಆ ಭಾರಕ್ಕೆ ಹೊಂದಿಸಿದ್ದು. ಹಗುರವಾದ ಯೆಜ್ಡಿಯ ಮೇಲೆ ಒಬ್ಬನೇ ಕೂತರೆ ಅದು ಕುಗ್ಗುವುದೇ ಇಲ್ಲ. ಸವಾರನ ಬದುಕೂ ಲೆಕ್ಕಕ್ಕೆ ಬರುತ್ತದೆ ನೋಡಿ: ಮೈಸೂರಿನಲ್ಲಿ ಅದೇ ಬೈಕಿನ ಮೇಲೆ ಹೆಂಡತಿ, ನಡುವೆ ಮಗು, ಪಕ್ಕಕ್ಕೆ ತರಕಾರಿ ಚೀಲ. ಕೆನ್ಮೋರ್‌ನಲ್ಲಿ ಭಾನುವಾರ ಬೆಳಿಗ್ಗೆ ಒಬ್ಬನೇ ಸವಾರ. ಊರಿನಲ್ಲಿ ಹಿತವಾಗಿದ್ದ ಸ್ಪ್ರಿಂಗ್ ಅಲ್ಲಿ ಕಲ್ಲಾಗಿ ತೋರಿದರೆ ಸ್ಪ್ರಿಂಗಿನ ತಪ್ಪಲ್ಲ.

ಸರಿಯೋ ಅಲ್ಲವೋ ತಿಳಿಯಲು ಒಂದು ಸುಲಭದ ಪರೀಕ್ಷೆ. ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತೂಗಾಡುವಾಗ ಆಕ್ಸಲ್‌ನಿಂದ ಮಡ್‌ಗಾರ್ಡಿನ ಒಂದು ಗುರುತಿಗೆ ಅಳೆಯಿರಿ. ಆಮೇಲೆ ಸ್ಟ್ಯಾಂಡ್ ತೆಗೆದು, ನೀವು ಎಂದಿನ ಬಟ್ಟೆ ಹೆಲ್ಮೆಟ್ಟಿನಲ್ಲಿ ಕೂತು, ಇನ್ನೊಬ್ಬರಿಂದ ಅದೇ ಅಳತೆ ತೆಗೆಸಿ. ವ್ಯತ್ಯಾಸವು ಚಕ್ರದ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಬೇಕು. ಚಲನೆ 80 ಮಿ.ಮೀ. ಇದ್ದರೆ 20ರಿಂದ 27. ಇದಕ್ಕಿಂತ ಬಹಳ ಕಡಿಮೆ ಬಂದರೆ ಸ್ಪ್ರಿಂಗ್ ನಿಮಗೆ ಬಿಗಿ, ಬಹಳ ಹೆಚ್ಚು ಬಂದರೆ ಮೆತ್ತಗೆ.

ಸ್ಪ್ರಿಂಗ್ ಮಾತ್ರ ಬದಲಿಸುವವರಿಗೆ ಎಚ್ಚರಿಕೆಯ ಮಾತು ಎರಡು. ಬಿಗಿ ಸ್ಪ್ರಿಂಗ್ ಹಾಕಿದರೆ ಅದು ಚಿಮ್ಮುವ ಬಲವನ್ನು ತಡೆಯುವಷ್ಟು ಡ್ಯಾಂಪಿಂಗ್ ಹಳೇ ಶಾಕಿನಲ್ಲಿ ಇರಬೇಕು. ಇಲ್ಲದಿದ್ದರೆ ಒಂದು ಉಬ್ಬು ದಾಟಿದ ಮೇಲೆ ಬೈಕು ಮೂರು ಸಲ ಕುಣಿಯುತ್ತದೆ. ಮತ್ತು ಒತ್ತಿದ ಸ್ಪ್ರಿಂಗ್ ಕೈತಪ್ಪಿದರೆ ಹಲ್ಲು, ಕಣ್ಣು ಎರಡಕ್ಕೂ ಅಪಾಯ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ, ಕನ್ನಡಕ ಹಾಕದೆ, ಗೆಳೆಯನ ಕೈಬಲ ನಂಬಿ ಇದಕ್ಕೆ ಇಳಿಯಬೇಡಿ. ಗ್ಯಾಸ್ ತುಂಬಿದ ಶಾಕ್ ಆಗಿದ್ದರೆ ಅದರ ಕೊಳವೆಯನ್ನು ಬಿಚ್ಚುವ, ತೂತು ಹೊಡೆಯುವ ಯೋಚನೆಯೇ ಬೇಡ. ಒಳಗೆ ಭಾರೀ ಒತ್ತಡದಲ್ಲಿ ನೈಟ್ರೋಜನ್ ಇರುತ್ತದೆ.

ಸ್ವಿಂಗ್ ಆರ್ಮ್ ಬದಲಿಸುವುದಾದರೆ

ಒಂದೇ ಮನೆತನದೊಳಗೆ ಮಾತ್ರ. ಬಿಎಂಡಬ್ಲ್ಯು ತನ್ನ ಸ್ಲಾಶ್ ಐದು ಸರಣಿಯ ಬೈಕುಗಳಿಗೆ 1973ರಲ್ಲಿ ಸುಮಾರು 50 ಮಿ.ಮೀ. ಉದ್ದದ ಸ್ವಿಂಗ್ ಆರ್ಮ್ ಕೊಟ್ಟಿತು. ಮೊದಮೊದಲ ಆರ್ಮ್‌ಗಳಲ್ಲಿ ನಡುವೆ ತುಂಡು ಸೇರಿಸಿ ಬೆಸೆದ ಗುರುತೂ ಕಾಣುತ್ತದೆ. ಹಳೆಯ ಗಿಡ್ಡ ಬೈಕಿಗೆ ಹೊಸ ಉದ್ದದ್ದನ್ನು ಹಾಕಿಕೊಳ್ಳುವವರಿದ್ದಾರೆ. ಆದರೆ ಒಳಗೆ ಓಡುವ ಡ್ರೈವ್ ಶಾಫ್ಟೂ ಉದ್ದದ್ದೇ ಬೇಕು, ಬ್ರೇಕಿನ ರಾಡೂ ಬದಲಾಗಬೇಕು. ಕಂಪನಿಯೇ ಮಾಡಿದ ಬದಲಾವಣೆಗೇ ಇಷ್ಟೊಂದು ಬಾಲ. ನಾರ್ಟನ್ ಕಮಾಂಡೊದ ಸ್ವಿಂಗ್ ಆರ್ಮಂತೂ ಫ್ರೇಮಿಗಲ್ಲ, ರಬ್ಬರಿನ ಮೇಲೆ ಕೂತ ಎಂಜಿನ್ ತೊಟ್ಟಿಲಿಗೆ ಸೇರಿದ್ದು. ಅದನ್ನು ಬೇರೆ ಬೈಕಿನ ಜೊತೆ ಅದಲುಬದಲು ಮಾಡುವ ಮಾತೇ ಇಲ್ಲ.

ಅಳೆಯಬೇಕಾದ್ದು ಪಿವಟ್‌ನ ಅಗಲ, ಪಿವಟ್ ಬೋಲ್ಟಿನ ದಪ್ಪ, ಆಕ್ಸಲ್‌ನವರೆಗಿನ ಉದ್ದ, ಆಕ್ಸಲ್‌ನ ದಪ್ಪ, ಎರಡು ಶಾಕ್ ಬೋಲ್ಟುಗಳ ನಡುವಿನ ಅಗಲ, ಟೈರಿಗೆ ಸಿಗುವ ಜಾಗ, ಎರಡೂ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿವೆಯೇ ಎಂಬುದು. ಜಾವಾ, ಯೆಜ್ಡಿಯಾದರೆ ಚೈನ್ ಪೆಟ್ಟಿಗೆ ಹಿಡಿಸುವ ಜಾಗವೂ ಸೇರಿತು. ಇವೆಲ್ಲಕ್ಕಿಂತ ಮುಖ್ಯವಾದದ್ದು ಹಿಂದಿನ ಡ್ರಮ್ ಬ್ರೇಕ್ ತಟ್ಟೆ ತಿರುಗದಂತೆ ತಡೆಯುವ ಪಟ್ಟಿ. ಅದರ ಒಂದು ತುದಿ ಹಲವು ಬೈಕುಗಳಲ್ಲಿ ಸ್ವಿಂಗ್ ಆರ್ಮಿಗೆ ಹಿಡಿದಿರುತ್ತದೆ. ಹೊಸ ಆರ್ಮಿನಲ್ಲಿ ಆ ಕೊಂಡಿ ಇಲ್ಲದೆ, ಅಥವಾ ದುರ್ಬಲವಾಗಿ ಬೆಸೆದು ಕಿತ್ತುಬಂದರೆ, ಬ್ರೇಕ್ ಒತ್ತಿದ ಕ್ಷಣ ತಟ್ಟೆಯೇ ಚಕ್ರದ ಜೊತೆ ಸುತ್ತಿ ಚಕ್ರ ಹಿಡಿದುಕೊಳ್ಳುತ್ತದೆ. ಹೀಗಾದರೆ ಬೀಳದೆ ಉಳಿಯುವವರು ಕಡಿಮೆ. ಈ ಕೊಂಡಿಯ ಬಗ್ಗೆ ಅನುಮಾನವಿದ್ದರೆ ಆ ಸ್ವಿಂಗ್ ಆರ್ಮ್ ಎಷ್ಟೇ ಅಗ್ಗವಾದರೂ ವಾಪಸ್ ಕೊಡಿ.

ಕೂರಿಸುವ ದಿನ

ಎಣ್ಣೆಯ ಶಾಕನ್ನು ಬೈಕಿಗೆ ಹಾಕುವ ಮೊದಲು ನೆಟ್ಟಗೆ ಹಿಡಿದು ಏಳೆಂಟು ಸಲ ಒತ್ತಿ ಬಿಡಿ. ಅಡ್ಡ ಮಲಗಿಸಿಟ್ಟಿದ್ದರೆ ಒಳಗೆ ಗಾಳಿ ಸೇರಿರುತ್ತದೆ, ಅದು ಹೊರಬರಬೇಕು. ಇಂಥ ಶಾಕ್‌ಗಳು ತಲೆಕೆಳಗಾಗಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೇಲ್ಬದಿ ಯಾವುದೆಂದು ಗುರುತು ಹಾಕಿಕೊಳ್ಳಿ. ಎರಡೂ ಶಾಕ್ ಒಟ್ಟಿಗೇ ಬದಲಾಗಬೇಕು, ಒಂದು ಹಳೆಯದು ಒಂದು ಹೊಸದು ಬೇಡ. ಒಂದನ್ನು ಬಿಚ್ಚಿ ಅದರ ಜಾಗಕ್ಕೆ ಹೊಸದನ್ನು ಸೇರಿಸಿದ ಮೇಲೆ ಇನ್ನೊಂದನ್ನು ಬಿಚ್ಚಿದರೆ ಚಕ್ರ ಜೋತುಬೀಳದು. ಕೆನ್ಮೋರ್‌ನಂಥ ತೇವದ ಊರಿನಲ್ಲಿ ಬೋಲ್ಟು ತುಕ್ಕಿನಿಂದ ಬುಷ್‌ಗೆ ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ, ಸುತ್ತಿಗೆಯಿಂದ ಶುರು ಮಾಡಬೇಡಿ.

ರಬ್ಬರು ಎರಡೂ ಬದಿಯ ಲೋಹಕ್ಕೆ ಅಂಟಿದಂಥ ಬುಷ್‌ಗಳಿದ್ದರೆ, ಅಂದರೆ ಗ್ಯಾರೇಜಿನವರು ಸೈಲೆಂಟ್ ಬ್ಲಾಕ್ ಅನ್ನುವಂಥವು, ಕೊನೆಯ ಬಿಗಿ ಕೊಡುವುದು ಚಕ್ರ ನೆಲದ ಮೇಲಿದ್ದು ಬೈಕಿನ ಭಾರ ಬಿದ್ದಾಗ. ಚಕ್ರ ತೂಗಾಡುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ವಿಂಗ್ ಆರ್ಮ್ ಬಿಚ್ಚಿದ್ದರೆ ಹಿಂದಿನ ಟೈರಿನಿಂದ ಮುಂದಿನ ಟೈರಿನವರೆಗೆ ಎರಡೂ ಬದಿಗೆ ದಾರ ಎಳೆದು ಚಕ್ರಗಳು ಒಂದೇ ಸಾಲಿನಲ್ಲಿವೆಯೇ ನೋಡಿ.

ಮೊದಲ ಓಟ ಹತ್ತಿರದಲ್ಲೇ, ನಿಧಾನದಲ್ಲೇ. ಕೆನ್ಮೋರ್‌ನವರಿಗೆ ಜುವಾನಿಟಾ ಡ್ರೈವ್ ಇದೆ. ಸೇಂಟ್ ಎಡ್ವರ್ಡ್ ಪಾರ್ಕಿನ ಪಕ್ಕ ಹಾದು ಕರ್ಕ್‌ಲ್ಯಾಂಡಿನ ಕಡೆ ಹೋಗುವ ಏರಿಳಿತ, ತಿರುವುಗಳ ರಸ್ತೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ದಾರಿಗಿಂತ ಒಳ್ಳೇ ಪರೀಕ್ಷೆ ಬೇಕಿಲ್ಲ. ವಾಪಸ್ ಬಂದು ನಾಲ್ಕೂ ಬೋಲ್ಟು ಮತ್ತೆ ಮುಟ್ಟಿ ನೋಡಿ, ಉಜ್ಜಿದ ಹೊಳಪು ಎಲ್ಲಾದರೂ ಇದೆಯೇ ಹುಡುಕಿ.

ಕತ್ತರಿಸುವ ಮುನ್ನ

ಫ್ರೇಮಿನ ಮಾತು ಬಾಕಿ ಇತ್ತು. ಶಾಕಿನ ಮೇಲ್ ಬೋಲ್ಟು ಕೂರುವ ಜಾಗವನ್ನು ಮುಂದಕ್ಕೆ ಸರಿಸಿ ಬೆಸೆದರೆ ಶಾಕ್ ವಾಲುತ್ತದೆ, ಸನ್ನೆಯ ಲೆಕ್ಕ ಬುಡಮೇಲಾಗುತ್ತದೆ, ಹೊಡೆತವು ಅದನ್ನು ತಡೆಯಲೆಂದು ಮಾಡದ ಕೊಳವೆಯ ಮೇಲೆ ಬೀಳುತ್ತದೆ. ಕಾನೂನಿನ ತೊಡಕೂ ಇದೆ. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಂದಣಿಯಲ್ಲಿರುವ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. 2021ರಲ್ಲಿ ಬಂದ ವಿಂಟೇಜ್ ನಿಯಮದಡಿ 50 ವರ್ಷ ದಾಟಿದ ಬೈಕಿಗೆ 20,000 ರೂಪಾಯಿ ಕಟ್ಟಿ ‘ವಿಎ’ ಸರಣಿಯ ನಂಬರ್ ಪಡೆಯಬಹುದು. ಆದರೆ ಚಾಸಿ, ಎಂಜಿನ್, ಮೈಕಟ್ಟು ಮೂಲ ರೂಪದಲ್ಲಿರಬೇಕು. 1961ರಿಂದ 1970ರ ದಶಕದ ಮೊದಲ ವರ್ಷಗಳವರೆಗಿನ ಮೈಸೂರು ಜಾವಾಗಳೆಲ್ಲ ಈಗ ಆ ವಯಸ್ಸಿನವು. ಬೋಲ್ಟಿನಲ್ಲಿ ಕೂತ ಬೇರೆ ಶಾಕನ್ನು ಒಂದು ಗಂಟೆಯಲ್ಲಿ ತೆಗೆದು ಮೂಲದ್ದು ಹಾಕಬಹುದು. ಕತ್ತರಿಸಿದ ಫ್ರೇಮನ್ನು ಹಾಗೆ ಹಿಂದಕ್ಕೆ ತರಲಾಗದು. ವಾಷಿಂಗ್ಟನ್ ರಾಜ್ಯದಲ್ಲಿ 30 ವರ್ಷ ಮೀರಿದ ವಾಹನಕ್ಕೆ ಕಲೆಕ್ಟರ್ ಪ್ಲೇಟು ಸಿಗುತ್ತದೆ. ಅಲ್ಲಿ ಬೈಕ್ ಮಾರುವ ದಿನ ಬಂದರೂ ಕೊಳ್ಳುವವನು ಮೊದಲು ಬಗ್ಗಿ ನೋಡುವುದು ಫ್ರೇಮಿನ ವೆಲ್ಡಿಂಗನ್ನೇ.

ಹಾಗಾದರೆ ಏನು ಮಾಡಬೇಕು? ಜಾವಾ, ಯೆಜ್ಡಿ ಇರುವವರು ಮೂಲ ಶಾಕ್ ಸಿಕ್ಕರೆ ಅದನ್ನೇ ಬಿಚ್ಚಿಸಿ, ಸೀಲು, ಎಣ್ಣೆ, ಬುಷ್ ಬದಲಿಸಿ ಉಳಿಸಿಕೊಳ್ಳಿ. ಹಳೇ ಹೊಂಡಾ, ಯಮಹಾ, ಬ್ರಿಟಿಷ್ ಬೈಕಿನವರಿಗೆ ಇನ್ನೊಂದು ಮುದಿ ಬೈಕಿನ ಮುದಿ ಶಾಕಿಗಿಂತ, ಇಂಗ್ಲೆಂಡಿನ ಹ್ಯಾಗನ್, ಆಸ್ಟ್ರೇಲಿಯಾದ ಐಕಾನ್‌ನಂಥ ಕಂಪನಿಗಳು ಮಾದರಿಗೆ ತಕ್ಕ ಉದ್ದ ಮತ್ತು ಸ್ಪ್ರಿಂಗಿನಲ್ಲಿ ಮಾಡುವ ಹೊಸವು ವಾಸಿ. ನಿಮ್ಮ ತೂಕ ಕೇಳಿ ಸ್ಪ್ರಿಂಗ್ ಕೊಡುವವರನ್ನು ಆರಿಸಿ. ಒಂದು ಬೈಕಿನದು ಇನ್ನೊಂದಕ್ಕೆ ಹಾಕುವುದು ಉದ್ದ, ಬುಷ್, ಸನ್ನೆ, ಭಾರ ನಾಲ್ಕೂ ಹೊಂದಿದಾಗ ಮಾತ್ರ. ಕಳಚಿದ ಮೂಲ ಶಾಕ್‌ಗಳು ಸೋರುತ್ತಿದ್ದರೂ ಗುಜರಿಗೆ ಹಾಕಬೇಡಿ. ಅಳತೆ ಬರೆದ ಚೀಟಿ ಕಟ್ಟಿ, ನೆಟ್ಟಗೆ ನಿಲ್ಲಿಸಿ ಎತ್ತಿಡಿ. ಮುಂದೆ ಆ ಬೈಕು ಯಾರ ಕೈಗೆ ಹೋದರೂ ಅವರಿಗೆ ಬೇಕಾಗುವುದು ಅವೇ.